ಬೆರಳಿಗೆ ಬೈಯಬೇಡ್ರಿ, ಫ್ರೆಟ್ ನೋಡ್ರಿ

ಭಾಗ 1

ಗಿಟಾರ್ ಇರೋ ಮನೆ ಹುಡುಕೋದು ಸಿಂಧನೂರಲ್ಲಿ ಈಗ ಕಷ್ಟ ಅಲ್ಲ. ಮಸ್ಕಿ, ಲಿಂಗಸುಗೂರಲ್ಲೂ ಅಷ್ಟೇ. ಆನ್‌ಲೈನ್‌ನಲ್ಲಿ ಮೂರೂವರೆ, ನಾಲ್ಕು ಸಾವಿರಕ್ಕೆ ಸಿಗ್ತದೆ. ಪಿಯುಸಿ ಪಾಸಾದದ್ದಕ್ಕೋ, ಹತ್ತಿ ಮಾರಿದ ದುಡ್ಡು ಕೈಗೆ ಬಂದದ್ದಕ್ಕೋ ಅಪ್ಪ ಕೊಡಿಸ್ತಾರೆ. ಮೂರು ತಿಂಗಳು ಬಿಟ್ಟು ಅದೇ ಮನೆಗೆ ಹೋಗಿ ನೋಡ್ರಿ. ಗಿಟಾರ್ ಬೀರು ಮೇಲೆ ಮಲಗಿರ್ತದೆ, ಮೇಲೊಂದು ಹಳೇ ಬೆಡ್‌ಶೀಟು. ಕೇಳಿದರೆ ಹುಡುಗ "ನನ್ನ ಬೆರಳಿಗೆ ಬರಂಗಿಲ್ರಿ" ಅಂತಾನೆ. ಅವರಪ್ಪ "ಅವಗ ಆಸಕ್ತಿನೇ ಇಲ್ಲ, ರೊಕ್ಕ ದಂಡ" ಅಂತಾರೆ.

ಬಹಳ ಸಲ ಇಬ್ಬರ ಮಾತೂ ಸುಳ್ಳು. ಬೆರಳೂ ಸರಿ ಐತಿ, ಆಸಕ್ತಿಯೂ ಇತ್ತು. ಸರಿ ಇಲ್ಲದ್ದು ಆ ನೆಕ್ ಮೇಲೆ ಅಡ್ಡಡ್ಡ ಬಡಿದಿರೋ ಇಪ್ಪತ್ತು ಲೋಹದ ಪಟ್ಟಿ. ಒಂದು ಎತ್ತರ, ಒಂದು ತಗ್ಗು. ಒತ್ತಿದ ಕಡೆ ಸ್ವರ ಬರೋ ಬದಲು ಗರ್ ಅಂತದೆ. ಗರ್ ಅನ್ನದಿರಲಿ ಅಂತ ಅಂಗಡಿಯವರು ತಂತಿಯನ್ನ ಮೇಲಕ್ಕೆ ಎತ್ತಿ ಕಳಿಸಿರ್ತಾರೆ. ಎತ್ತಿದರೆ ಒತ್ತೋಕೆ ಡಬಲ್ ಜೋರು ಬೇಕು, ಬೆರಳ ತುದಿ ಸುಲಿದು ಹೋಗ್ತದೆ. ಹದಿನೈದು ವರ್ಷದ ಹುಡುಗಿ ಎಷ್ಟು ದಿನ ಅಂತ ಒತ್ತಬೇಕು?

ನಾನು ಹೇಳೋದು ಇಷ್ಟೇ: ಮಗು ಕೈಲಿ ಆಗಲ್ಲ ಅನ್ನೋ ಮುಂಚೆ ಫ್ರೆಟ್ ನೋಡ್ರಿ. ಅದನ್ನ ಸರಿ ಮಾಡೋ ಕೆಲಸ ನಮ್ಮ ಊರಲ್ಲೇ, ನಮ್ಮ ಮನೆ ಅಂಗಳದಲ್ಲೇ ಆಗ್ತದೆ. ಅದಕ್ಕೆ ಬೆಂಗಳೂರು ಬೇಡ.

ಉದ್ದ ಐತಿ. ಸೇವ್ ಮಾಡಿಕೊಳ್ರಿ, ಊಟ ಆದ ಮೇಲೆ ಓದ್ರಿ.

ಭಾಗ 2

ಮೊದಲು ಈ ಪಟ್ಟಿ ಏನು ಅಂತ ತಿಳಿಯೋಣ. ಬಹುತೇಕ ಗಿಟಾರ್‌ಗಳ ಫ್ರೆಟ್ ಜರ್ಮನ್ ಸಿಲ್ವರ್‌ದು. ನಮ್ಮ ಮನೆ ಪೂಜೆ ತಟ್ಟೆ, ಆರತಿ ಸಾಮಾನಿಗೂ ಅದೇ ಹೆಸರು ಹೇಳ್ತೀವಲ್ಲ, ಅದೇ ಜಾತಿ. ಹೆಸರಲ್ಲಿ ಬೆಳ್ಳಿ, ಒಳಗೆ ಗುಂಜಿ ಬೆಳ್ಳಿಯೂ ಇಲ್ಲ. ತಾಮ್ರ, ನಿಕ್ಕಲ್, ಸತು ಕೂಡಿಸಿದ ಲೋಹ. ಮೆದು. ಅದಕ್ಕೇ ಉಕ್ಕಿನ ತಂತಿ ತಿಕ್ಕಿ ತಿಕ್ಕಿ ಗುಳಿ ಬೀಳ್ತದೆ, ಅದಕ್ಕೇ ಮನೆಯಲ್ಲಿ ಕೂತು ಅರದಿಂದ ಉಜ್ಜಿ ಸರಿ ಮಾಡೋಕೂ ಬರ್ತದೆ.

ಮರದ ಮೇಲೆ ಎದ್ದು ಕಾಣೋ ಅದರ ಎತ್ತರ ಸುಮಾರು 1 ಮಿಲಿಮೀಟರ್. ಈ 1 ಮಿಲಿಮೀಟರ್ ನಿಮ್ಮ ಪೂರ್ತಿ ಬಂಡವಾಳ ಅಂತ ತಿಳ್ಕೊಳ್ರಿ. ಅದರಲ್ಲಿ ಹತ್ತನೇ ಒಂದು ಭಾಗ ಖರ್ಚು ಮಾಡಿದರೆ ಪರವಾಗಿಲ್ಲ, ಅರ್ಧ ಖರ್ಚು ಮಾಡಿದರೆ ಗಿಟಾರ್ ದಿವಾಳಿ.

ದುಬಾರಿ ಗಿಟಾರ್‌ಗೂ ಅಗ್ಗದ ಗಿಟಾರ್‌ಗೂ ಮರದಲ್ಲಿ ವ್ಯತ್ಯಾಸ ಐತಿ, ಇಲ್ಲ ಅನ್ನಲ್ಲ. ಆದರೆ ನುಡಿಸೋ ಕೈಗೆ ಮೊದಲು ಗೊತ್ತಾಗೋದು ಈ ಫ್ರೆಟ್ ಕೆಲಸ. ಒಬ್ಬ ಮನುಷ್ಯ ಕೂತು ಒಂದೊಂದು ಫ್ರೆಟ್ಟಿಗೂ ಕೈ ಆಡಿಸೋದಕ್ಕೆ ಕೂಲಿ ಬೇಕು. ನಾಲ್ಕು ಸಾವಿರದ ಗಿಟಾರ್‌ನಲ್ಲಿ ಆ ಕೂಲಿ ಇರಲ್ಲ. ಬಡಿದು, ಎರಡು ತುದಿ ಕತ್ತರಿಸಿ, ಡಬ್ಬಿಗೆ ಹಾಕಿ ಕಳಿಸ್ತಾರೆ. ಉಳಿದ ಕೆಲಸ ನಿಮ್ಮದು ಅಂತ ಯಾರೂ ಹೇಳಲ್ಲ, ಅಷ್ಟೇ.

ನಮ್ಮ ವೀಣೆ ನೋಡ್ರಿ. 24 ಮೆಟ್ಟು, ಮೇಣದ ಮೇಲೆ ಕೂರಿಸಿರ್ತಾರೆ. ಹೆಚ್ಚುಕಮ್ಮಿ ಆದರೆ ಮೇಣ ಬಿಸಿ ಮಾಡಿ ಮತ್ತೆ ಕೂರಿಸ್ತಾರೆ. ಮೇಳ ಕಟ್ಟೋದು ಅಂತ ಅದಕ್ಕೊಂದು ಹೆಸರೇ ಐತಿ, ಅದನ್ನೇ ಕಸುಬು ಮಾಡಿಕೊಂಡ ಕೈಗಳಿವೆ. ಸಿತಾರ್‌ದು ದಾರದಲ್ಲಿ ಕಟ್ಟಿದ್ದು, ಸರಿಸಬಹುದು. ಗಿಟಾರ್‌ದು ಮರಕ್ಕೆ ಬಡಿದದ್ದು. ಸರಿಸೋಕೂ ಬರಲ್ಲ, ಮೇಣವೂ ಇಲ್ಲ. ತಗ್ಗಿದ್ದನ್ನ ಎತ್ತೋಕೆ ಆಗಲ್ಲ, ಎತ್ತರ ಇದ್ದದ್ದನ್ನ ಇಳಿಸಬೇಕು. ಅಂದರೆ ಎಲ್ಲಾ ಸೇರಿ ತಗ್ಗಿನವನ ಲೆವೆಲ್ಲಿಗೆ ಬರಬೇಕು.

ಭಾಗ 3

ಈಗ ಜಗಳದ ಮಾತಿಗೆ ಬರ್ತೀನಿ. ವಿಡಿಯೋ ನೋಡಿದ ಕೂಡಲೇ ಉಪ್ಪುಕಾಗದ ತಂದು ಇಪ್ಪತ್ತೂ ಫ್ರೆಟ್ ಉಜ್ಜೋಕೆ ಕೂರೋ ಹುಡುಗರಿದ್ದಾರೆ. ತಮ್ಮಾ, ನಿಲ್ಲು. ಮಸ್ಕಿ ಗುಡ್ಡದಲ್ಲಿ ಅಶೋಕನ ಹೆಸರು ಕೆತ್ತಿದವನು ಎರಡು ಸಾವಿರ ವರ್ಷದ ಮೇಲಾದರೂ ತಿದ್ದೋಕೆ ಬಂದಿಲ್ಲ. 1915ರಲ್ಲಿ ಬಂಗಾರ ಹುಡುಕೋಕೆ ಬಂದ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದಾಗಲೂ ಅಕ್ಷರ ಅಲ್ಲೇ ಇತ್ತು. ಉಳಿ ಬಿದ್ದ ಕಲ್ಲೂ ಅರ ಬಿದ್ದ ಫ್ರೆಟ್ಟೂ ಒಂದೇ, ತೆಗೆದದ್ದು ವಾಪಸ್ ಬರಲ್ಲ. ಅರ ಕೊನೆಗೆ. ಮೊದಲು ಕಣ್ಣು, ಕಿವಿ.

ಗರ್ ಎಲ್ಲಿ ಬರ್ತದೆ ಅಂತ ಕೇಳ್ರಿ. ಬೆರಳು ಎಲ್ಲೂ ಇಡದೇ ಮೀಟಿದಾಗಲೇ ಗರ್ ಅಂದರೆ ಫ್ರೆಟ್ ತಂಟೆಗೆ ಹೋಗಬೇಡ್ರಿ. ಕಿವಿ ತಿರುಪೋ ಕಡೆ ತಂತಿ ಹಾದು ಬರೋ ಬಿಳಿ ಪಟ್ಟಿಯ ಗಾಡಿ ಆಳ ಆಗಿರಬಹುದು, ಇಲ್ಲಾ ಯಾವುದೋ ಸ್ಕ್ರೂ ಸಡಿಲಾಗಿ ಅದುರ್ತಿರಬಹುದು. ಒಂದರಿಂದ ಐದರ ತನಕ ಎಲ್ಲಾ ಕಡೆ ಗರ್ ಅಂದರೆ ನೆಕ್ ಬಾಗು ತಪ್ಪಿದೆ. ಒಂದೇ ಒಂದು ಜಾಗದಲ್ಲಿ ಮಾತ್ರ ಗರ್ ಅಂದರೆ, ಆವಾಗ ಫ್ರೆಟ್ ಮೇಲೆ ಅನುಮಾನ ಪಡ್ರಿ.

ಇಲ್ಲೊಂದು ವಿಷಯ. 5ನೇ ಫ್ರೆಟ್ ಒತ್ತಿದಾಗ ಗರ್ ಅಂತಾ ಇದ್ದರೆ ಕಳ್ಳ 5 ಅಲ್ಲ. ತಂತಿ 5ರ ಮೇಲೆ ಕೂತು ಬ್ರಿಡ್ಜ್ ಕಡೆ ಹೋಗುವಾಗ 6ಕ್ಕೋ 7ಕ್ಕೋ ತಾಗ್ತಾ ಇರ್ತದೆ. ಕೂಗಿದವನನ್ನ ಬಿಟ್ಟು ಮುಂದೆ ನಿಂತವನನ್ನ ಹಿಡೀರಿ. ಎಷ್ಟೋ ಮಂದಿ 5ನ್ನೇ ಉಜ್ಜಿ ಇನ್ನೂ ತಗ್ಗು ಮಾಡಿ, ಗರ್ ಜಾಸ್ತಿ ಮಾಡಿಕೊಂಡು ಕೂರ್ತಾರೆ.

ಹಿಡಿಯೋ ವಿಧಾನ ಸರಳ. ನೆಟ್ಟಗಿರೋ ಒಂದು ಅಂಚು ಬೇಕು. ಸ್ಟೇಷನರಿ ಅಂಗಡಿಯ ಸ್ಟೀಲ್ ಸ್ಕೇಲ್ ಸಾಕು. ಅದನ್ನ ಹ್ಯಾಕ್ಸಾದಲ್ಲಿ 7 ಸೆಂಟಿಮೀಟರ್, 5 ಸೆಂಟಿಮೀಟರ್, 3 ಸೆಂಟಿಮೀಟರ್ ಅಂತ ತುಂಡು ಮಾಡಿ, ಕತ್ತರಿಸಿದ ತುದಿಯ ಮುಳ್ಳು ತೆಗೀರಿ. ಒಂದು ತುಂಡು ಮೂರೇ ಮೂರು ಫ್ರೆಟ್ ಮೇಲೆ ಕೂರಬೇಕು, ನಾಲ್ಕನೆಯದಕ್ಕೆ ತಾಗಬಾರದು. ತುಂಡು ತಕ್ಕಡಿ ಥರ ಟಕ್ ಟಕ್ ಅಂತ ಆಡಿದರೆ ನಡುವಿನ ಫ್ರೆಟ್ ಎತ್ತರ. ಆಡದಿದ್ದರೆ ಮುಂದಕ್ಕೆ ಹೋಗ್ರಿ. ಆಡಿದ ಜಾಗಕ್ಕೆಲ್ಲಾ ಮಾರ್ಕರ್ ಚುಕ್ಕಿ. ಆರೂ ತಂತಿಯ ದಾರಿಯಲ್ಲಿ ಬೇರೆ ಬೇರೆ ನೋಡಬೇಕು, ಯಾಕಂದರೆ ಒಂದೇ ಫ್ರೆಟ್ ಒಂದು ಬದಿಗೆ ಎದ್ದು ಇನ್ನೊಂದು ಬದಿಗೆ ಸರಿಯಾಗಿ ಕೂತಿರಬಹುದು.

ಹಾಗೆ ಎದ್ದಿದ್ದರೆ ಇನ್ನೂ ಅರ ಮುಟ್ಟಬೇಡ್ರಿ! ಒಂದು ಕಟ್ಟಿಗೆ ತುಂಡಿನಿಂದ ಆ ತುದಿ ಒತ್ತಿ ನೋಡ್ರಿ. ಒಳಗೆ ಇಳಿದರೆ ಅದು ಎತ್ತರದ ಫ್ರೆಟ್ ಅಲ್ಲ, ಸಡಿಲಾದ ಫ್ರೆಟ್. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಪಕ್ಕದ ಮರಕ್ಕೆ ಟೇಪ್ ಹಚ್ಚಿ, ಸಂದಿಗೆ ಒಂದೇ ಹನಿ ಫೆವಿಕ್ವಿಕ್ ಬಿಟ್ಟು, ಒತ್ತಿ ಹಿಡಿದರೆ ಮುಗೀತು. ಅದನ್ನ ಉಜ್ಜಿದರೆ ಏನಾಗ್ತದೆ ಗೊತ್ತಾ? ಇವತ್ತು ಲೆವೆಲ್ ಆಗ್ತದೆ. ನಾಳೆ ಒಳಗೆ ಕೂತಾಗ ತಗ್ಗಾಗ್ತದೆ.

ಭಾಗ 4

ನಮ್ಮ ಬಿಸಿಲಿನ ಬಗ್ಗೆ ಯಾವ ವಿಡಿಯೋದಲ್ಲೂ ಹೇಳಲ್ಲ.

ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ಹೇಗಿರ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. 40 ಡಿಗ್ರಿ ದಾಟಿದ ಒಣ ಗಾಳಿ. ಮರ ಒಣಗ್ತದೆ, ಲೋಹ ಒಣಗಲ್ಲ. ಫ್ರೆಟ್ ಕೂತಿರೋ ಹಲಗೆ ಅಡ್ಡಕ್ಕೆ ಕುಗ್ಗಿದಾಗ ಫ್ರೆಟ್ ತುದಿ ಎರಡೂ ಕಡೆ ಹೊರಗೆ ಚಾಚ್ತದೆ. ಕೈ ಮೇಲೆ ಕೆಳಗೆ ಓಡಿಸಿದರೆ ಗರಗಸದ ಹಲ್ಲಿನಂಗೆ ಕೊರೀತದೆ. ನೆಕ್ ಸ್ವಲ್ಪ ಹಿಂದಕ್ಕೆ ಬಾಗ್ತದೆ, ತಂತಿ ಇಳೀತದೆ, ಜನವರಿಯಲ್ಲಿ ಚೆನ್ನಾಗಿದ್ದ ಗಿಟಾರ್ ಮೇ ತಿಂಗಳಲ್ಲಿ ಗರ್ ಗರ್ ಅಂತದೆ. ಆಗ ಉಜ್ಜೋಕೆ ಕೂತರೆ ಬಿಸಿಲಿನ ತಪ್ಪಿಗೆ ಫ್ರೆಟ್ಟಿಗೆ ಶಿಕ್ಷೆ ಕೊಟ್ಟಂಗೆ.

ಸಿಂಧನೂರಿನ ಕಾಲುವೆ ಸೀಮೆಯಲ್ಲಿ ಮಳೆಗಾಲದಿಂದ ಭತ್ತದ ಗದ್ದೆ ತುಂಬ ನೀರು. ಮಸ್ಕಿ ದಾಟಿ ಲಿಂಗಸುಗೂರಿನ ಒಣಬೇಸಾಯದ ಕಡೆ ಹೋದರೆ ಗಾಳಿಯೇ ಬೇರೆ. ಗಂಟೆಯೊಳಗಿನ ಬಸ್ ದಾರಿ, ಆದರೆ ಗಿಟಾರ್ ಮಟ್ಟಿಗೆ ಎರಡು ದೇಶ. ನನ್ನ ಅಭಿಪ್ರಾಯ ಕೇಳಿದರೆ ಫ್ರೆಟ್ ಕೆಲಸಕ್ಕೆ ದಸರಾ ಆದ ಮೇಲಿನ ದಿನ ಒಳ್ಳೇದು. ಮಳೆ ನಿಂತಿರ್ತದೆ, ಬಿಸಿಲು ಇನ್ನೂ ಹುಚ್ಚು ಹಿಡಿದಿರಲ್ಲ, ಮರ ಒಂದು ಹದಕ್ಕೆ ಬಂದಿರ್ತದೆ.

ಬೇಸಿಗೆಯಲ್ಲಿ ಮಾಡಬೇಕಾದದ್ದು ನೆಕ್ ಬಾಗಿನ ತಪಾಸಣೆ. ತಂತಿ ಶ್ರುತಿಯಲ್ಲಿ ಇರಬೇಕು. ದಪ್ಪ ತಂತಿಯನ್ನ 1ನೇ ಫ್ರೆಟ್‌ನಲ್ಲಿ ಒಂದು ಬೆರಳು, ನೆಕ್ ಡಬ್ಬಿಗೆ ಸೇರೋ ಕಡೆ ಇನ್ನೊಂದು ಬೆರಳು ಇಟ್ಟು ಒತ್ತಿ, ನಡುವೆ 6 ಅಥವಾ 7ರ ಮೇಲೆ ಎಷ್ಟು ಸಂದು ಐತಿ ನೋಡ್ರಿ. 0.2ರಿಂದ 0.3 ಮಿಲಿಮೀಟರ್ ಇದ್ದರೆ ಸರಿ. ಅಂದಾಜಿಗೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ. ಸಂದೇ ಇಲ್ಲ ಅಂದರೆ ಒಳಗಿನ ರಾಡ್ ಸಡಿಲಿಸಬೇಕು. ಬಹಳ ಗಿಟಾರ್‌ಗಳಲ್ಲಿ ಸದ್ದಿನ ತೂತಿನ ಒಳಗೆ ನೋಡಿದರೆ ಅಲೆನ್ ಕೀ ಹಾಕೋ ಬಾಯಿ ಕಾಣ್ತದೆ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ, ಸಂದು ಕಮ್ಮಿ. ಉಲ್ಟಾ ತಿರುಗಿಸಿದರೆ ಸಡಿಲ, ಸಂದು ಜಾಸ್ತಿ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ತಿರುಗದಿದ್ದರೆ ಜೋರು ಮಾಡಬೇಡ್ರಿ, ರಾಡ್ ಮುರಿದರೆ ಗಿಟಾರ್ ಕಟ್ಟಿಗೆ ಒಲೆಗೆ.

ಮತ್ತೆ ದಯವಿಟ್ಟು ತಗಡಿನ ಶೀಟಿನ ಕೋಣೆಯಲ್ಲಿ ಗಿಟಾರ್ ನೇತು ಹಾಕಬೇಡ್ರಿ. ನಿಮಗೇ ಕೂರೋಕಾಗದ ಜಾಗದಲ್ಲಿ ಅದು ಹೆಂಗ ಕೂರ್ತದೆ?

ಭಾಗ 5

"ಇದಕ್ಕೆಲ್ಲಾ ಎಕ್ಸ್‌ಪರ್ಟ್ ಬೇಕಲ್ರಿ, ನಮ್ಮ ಕಡೆ ಯಾರಿದ್ದಾರೆ?"

ಈ ಮಾತು ಕೇಳಿದಾಗ ನನಗೆ ನಗು ಬರ್ತದೆ. ಸಿಟ್ಟೂ ಬರ್ತದೆ. ಬಂಗಾರದ ಗಣಿ ಇರೋ ತಾಲ್ಲೂಕಿನವರು ಲೋಹ ಉಜ್ಜೋಕೆ ಜನ ಇಲ್ಲ ಅಂತೀವಲ್ಲ! ಹಟ್ಟಿ ಎಲ್ಲಿದೆ? ಲಿಂಗಸುಗೂರು ತಾಲ್ಲೂಕಿನಲ್ಲೇ. ಗಣಿ ವರ್ಕ್‌ಶಾಪ್‌ನಲ್ಲಿ ಜೀವ ತೇದ ಒಬ್ಬ ಫಿಟ್ಟರ್ ಕಾಕಾನ್ನ ಕೇಳ್ರಿ. ಐಟಿಐ ಫಿಟ್ಟರ್ ಟ್ರೇಡ್‌ನಲ್ಲಿ ಮೊದಲು ಕಲಿಸೋದೇ ಅರ ಹಿಡಿಯೋದು. ಕಬ್ಬಿಣದ ತುಂಡು ಕೊಟ್ಟು, ಉಜ್ಜಿ ಚಪ್ಪಟೆ ಮಾಡು ಅಂತಾರೆ. ಸರ್ಫೇಸ್ ಪ್ಲೇಟ್ ಮೇಲೆ ನೀಲಿ ಬಣ್ಣ ಹಚ್ಚಿ, ತುಂಡನ್ನ ಅದರ ಮೇಲೆ ಆಡಿಸಿ, ನೀಲಿ ಎಲ್ಲಿ ಹತ್ತಿತೋ ಅದು ಎತ್ತರ, ಅಲ್ಲಷ್ಟೇ ಕೆರಿ ಅಂತಾರೆ. ಫ್ರೆಟ್ ಮೇಲೆ ಮಾರ್ಕರ್ ಹಚ್ಚಿ ಉಜ್ಜೋದು ಇದೇ ವಿದ್ಯೆ. ಹೆಸರು ಮಾತ್ರ ಬೇರೆ.

ಪತ್ತಾರರ ಅಂಗಡಿಗೆ ಹೋಗ್ರಿ. ಅವರ ಡಬ್ಬಿಯಲ್ಲಿರೋ ಸಣ್ಣ ಅರಗಳನ್ನ ನೋಡಿದರೆ ಗಿಟಾರ್ ರಿಪೇರಿಯವರಿಗೆ ಹೊಟ್ಟೆಕಿಚ್ಚಾಗಬೇಕು. ಉಂಗುರದ ಅಂಚು ದುಂಡಗೆ ಮಾಡಿ ಕನ್ನಡಿ ಹಂಗೆ ಪಾಲಿಶ್ ಮಾಡೋ ಕೈಗೆ ಫ್ರೆಟ್ ಏನು ದೊಡ್ಡದು? ಬಡಿಗೇರರು ಗರಗಸದ ಹಲ್ಲು ಚೂಪು ಮಾಡೋ ಮೂರು ಮೂಲೆಯ ಅರವೇ ಫ್ರೆಟ್ ದುಂಡು ಮಾಡೋಕೂ ಬೇಕಾಗಿರೋದು. ಭಜನಿ ಮಂಡಳಿಯ ಹಾರ್ಮೋನಿಯಂ ರಿಪೇರಿ ಮಾಡೋರು ಹಿತ್ತಾಳೆ ರೀಡಿನ ತುದಿ ಕೆರೆದು ಸ್ವರ ಏರಿಸ್ತಾರೆ, ಬುಡ ಕೆರೆದು ಇಳಿಸ್ತಾರೆ. ಕೂದಲೆಳೆಯಷ್ಟು ಹೆಚ್ಚು ಕೆರೆದರೆ ಸ್ವರ ಕೆಡ್ತದೆ ಅಂತ ಅವರ ಬೆರಳಿಗೆ ಗೊತ್ತು.

ಇಷ್ಟೆಲ್ಲಾ ಕೈ ಇದ್ದೂ ಗಿಟಾರ್ ಅಂದ ಕೂಡಲೇ ನಾವು ಬೆಂಗಳೂರು ಅಂತೀವಿ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಹಾಕಿ ಕಳಿಸಿ, ಹೋಗಿ ಬರೋ ಟಿಕೆಟ್ಟು, ರಿಪೇರಿ ಖರ್ಚು ಎಲ್ಲಾ ಕೂಡಿ ಗಿಟಾರ್ ರೇಟಿನ ಹತ್ತಿರ ಬರ್ತದೆ. ಅದಕ್ಕೇ ಯಾರೂ ಕಳಿಸಲ್ಲ, ಬೀರು ಮೇಲೆ ಇಡ್ತಾರೆ. ಬೆಂಗಳೂರಿನ ಒಳ್ಳೇ ಕೆಲಸಗಾರರನ್ನ ನಾನು ಹಳೀತಿಲ್ಲ. ನಲವತ್ತು ಸಾವಿರದ ಗಿಟಾರ್ ಇದ್ದರೆ ಅವರ ಹತ್ತಿರವೇ ಹೋಗ್ರಿ. ನಾನು ಮಾತಾಡ್ತಿರೋದು ಬೀರು ಮೇಲಿನ ಗಿಟಾರ್ ಬಗ್ಗೆ.

ಭಾಗ 6

ಸರಿ. ನೆಕ್ ಬಾಗು ನೋಡಿದ್ರಿ, ಸಡಿಲಾದದ್ದನ್ನ ಕೂರಿಸಿದ್ರಿ, ಆದರೂ ಸ್ಕೇಲ್ ತುಂಡು ಟಕ್ ಟಕ್ ಅಂತಾ ಐತಿ. ಈಗ ಉಜ್ಜೋಣ.

ಒಂದೋ ಎರಡೋ ಕಡೆ ಮಾತ್ರ ಆಡ್ತಿದ್ದರೆ ಅಷ್ಟನ್ನೇ ಇಳಿಸ್ರಿ. ಸ್ಕೇಲ್ ತುಂಡಿಗೆ 400 ನಂಬರ್ ಪೇಪರ್ ಸುತ್ತಿ ನಾಲ್ಕು ಸಲ ಉಜ್ಜಿ, ಮತ್ತೆ ಅಳತೆ. ಮತ್ತೆ ನಾಲ್ಕು ಸಲ, ಮತ್ತೆ ಅಳತೆ. ಹೊಸ ಗಿಟಾರ್‌ಗಳಲ್ಲಿ ಬಹಳ ಸಲ ಇದರಲ್ಲೇ ಕೆಲಸ ಮುಗೀತದೆ. ಪೂರ್ತಿ ನೆಕ್ ಉಜ್ಜೋದು ಪೌರುಷದ ಲಕ್ಷಣ ಅಂತ ಯಾರೋ ತಲೆಯಲ್ಲಿ ತುಂಬಿದ್ದಾರೆ.

ಎಲ್ಲಾ ಕಡೆ ಏರುಪೇರು ಇದ್ದರೆ ಮಾತ್ರ ಉದ್ದನೆ ಪಟ್ಟಿ ಬೇಕು. ಕಿಟಕಿ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಪೈಪ್ ತುಂಡು ಬಿದ್ದಿರ್ತದೆ, 40 ಸೆಂಟಿಮೀಟರಿನದು ಕೇಳಿ ತರ್ರಿ. ಅದು ನೆಟ್ಟಗಿದೆ ಅಂತ ನಂಬಬೇಡ್ರಿ. ಇಳಕಲ್ ನಮಗೆ ದೂರ ಅಲ್ಲ, ಪಾಲಿಶ್ ಮಾಡಿದ ಗ್ರಾನೈಟ್ ತುಂಡು ಮನೆ ಕಟ್ಟೋ ಕಡೆಯೆಲ್ಲಾ ಬಿದ್ದಿರ್ತದೆ. ಚೆನ್ನಾಗಿರೋ ಒಂದು ಪಟ್ಟಿ ಆರಿಸಿ, ಅದರ ಮೇಲೆ ಪೇಪರ್ ಅಂಟಿಸಿ, ಪೈಪಿನ ಒಂದು ಮುಖಕ್ಕೆ ಮಾರ್ಕರ್ ಗೀಚಿ ಉಜ್ಜಿರಿ. ಗೀಚಿದ್ದೆಲ್ಲಾ ಸಮನಾಗಿ ಅಳಿಸಿ ಹೋದರೆ ಪೈಪ್ ನೆಟ್ಟಗಾಯ್ತು. ನಡುವೆ ಅಳಿದು ತುದಿಯಲ್ಲಿ ಉಳಿದರೆ ಇನ್ನೂ ಉಜ್ಜಬೇಕು. ಈ ಅರ್ಧ ಗಂಟೆ ಕೆಲಸ ಬಿಟ್ಟವರು ಆಮೇಲೆ ನೆಕ್ ನಡುವೆ ಹೊಂಡ ತೋಡ್ತಾರೆ.

ತಂತಿ ಬಿಚ್ಚಿ. ರಾಡ್ ತಿರುಗಿಸಿ ನೆಕ್ ನೆಟ್ಟಗೆ ಮಾಡ್ಕೊಳ್ರಿ, ಪೈಪನ್ನೇ ಮೇಲಿಟ್ಟು ಕಣ್ಣು ಮಟ್ಟಕ್ಕೆ ಹಿಡಿದರೆ ಬೆಳಕು ಕಾಣೋದರಲ್ಲಿ ಗೊತ್ತಾಗ್ತದೆ. ಸದ್ದಿನ ತೂತಿಗೆ ಕಾಗದ ಅಂಟಿಸ್ರಿ. ಫ್ರೆಟ್ ನಡುವಿನ ಮರಕ್ಕೆಲ್ಲಾ ಪೇಂಟರ್ ಟೇಪ್. ನೆಕ್ ಕೆಳಗೆ ಏನಿಡೋದು ಅಂತ ಕೇಳ್ತೀರಿ. ಸಿಂಧನೂರಲ್ಲಿ ಕೂತು ಈ ಪ್ರಶ್ನೆ ಕೇಳಬಾರದು! ಬಟ್ಟೆ ಚೀಲದಲ್ಲಿ ಒಂದು ಕೇಜಿ ಸೋನಾಮಸೂರಿ ಹಾಕಿ ಕಟ್ಟಿ, ಅದರ ಮೇಲೆ ನೆಕ್ ಮಲಗಿಸ್ರಿ. ಕೂಸಿನ ತಲೆ ಹಿಡಿದಂಗೆ ಹಿಡೀತದೆ. ಕೆಲಸ ಆದ ಮೇಲೆ ಅನ್ನ ಮಾಡ್ರಿ.

ಎಲ್ಲಾ ಫ್ರೆಟ್ ತಲೆಗೂ ಮಾರ್ಕರ್ ಹಚ್ಚಿ. ಪೈಪಿಗೆ 320 ಅಥವಾ 400 ನಂಬರ್ ಪೇಪರನ್ನ ಡಬಲ್ ಟೇಪಿನಿಂದ ಅಂಟಿಸಿ, ತಂತಿ ಹೋಗೋ ದಾರಿಯಲ್ಲೇ ಉದ್ದಕ್ಕೆ ಎಳೀರಿ. ಒತ್ತಬೇಡ್ರಿ, ಪೈಪಿನ ಭಾರವೇ ಸಾಕು. ಫಿಂಗರ್‌ಬೋರ್ಡ್ ಅಡ್ಡಕ್ಕೆ ಸ್ವಲ್ಪ ಡೊಂಕಾಗಿರ್ತದೆ, ಒಂದೇ ಕಡೆ ಎಳೆದರೆ ಆ ಡೊಂಕು ಸಾಯ್ತದೆ. ಅದಕ್ಕೇ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನ ಸರೀತಾ ಹೋಗ್ರಿ. ಐದಾರು ಸಲ ಎಳೆದು ನಿಲ್ಲಿಸಿ ನೋಡ್ರಿ. ಎತ್ತರದವು ಮೊದಲು ಹೊಳೀತವೆ, ತಗ್ಗಿನವುಗಳ ಮೇಲೆ ಮಾರ್ಕರ್ ಹಂಗೇ ಇರ್ತದೆ. ಕೊನೆಯ ತಗ್ಗಿನವನ ತಲೆಗೂ ಒಂದು ಗೀರು ತಾಗಿದ ಗಳಿಗೆ ನಿಲ್ಲಿಸಬೇಕು. ಇನ್ನೊಂದು ಸಲ ಅನ್ನೋ ಆಸೆ ಬರ್ತದೆ. ಬೇಡ.

ಮುಖಕ್ಕೆ ಮಾಸ್ಕ್ ಇರಲಿ. ನಿಕ್ಕಲ್ ಧೂಳು ಒಳಗೆ ಹೋಗೋ ವಸ್ತು ಅಲ್ಲ, ಕೆಲವರ ಚರ್ಮಕ್ಕೂ ತುರಿಕೆ ಬರ್ತದೆ. ಮಕ್ಕಳು ಆಡೋ ಪಡಸಾಲೆಯಲ್ಲಿ ಮಾಡಬೇಡ್ರಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸ್ರಿ, ಕಸಬರಿಗೆ ಬೇಡ.

ಭಾಗ 7

ಇಲ್ಲಿಗೆ ನಿಲ್ಲಿಸೋರೇ ಹೆಚ್ಚು. ಲೆವೆಲ್ ಆಯ್ತಲ್ಲ, ತಂತಿ ಕಟ್ಟಿ ನುಡಿಸೋಣ ಅಂತಾರೆ. ಗರ್ ಹೋಗಿರ್ತದೆ, ಆದರೆ ಸ್ವರ ಹುಳಿ. ಯಾಕೆ?

ಫ್ರೆಟ್ ತಲೆ ದುಂಡಗಿದ್ದಾಗ ತಂತಿ ಅದರ ನೆತ್ತಿಯ ಒಂದೇ ಗೆರೆ ಮೇಲೆ ಕೂರ್ತದೆ. ಉಜ್ಜಿ ಚಪ್ಪಟೆ ಆದ ಮೇಲೆ ಆ ನೆತ್ತಿ ಇಲ್ಲ, ಒಂದು ಕಟ್ಟೆ ಐತಿ. ತಂತಿ ಕಟ್ಟೆಯ ಬ್ರಿಡ್ಜ್ ಕಡೆ ಅಂಚಿನಿಂದ ಹೊರಡ್ತದೆ. ಅಂದರೆ ಅದುರೋ ಉದ್ದ ಕಮ್ಮಿ, ಸ್ವರ ಮೇಲೆ. ಲೆಕ್ಕ ಹಾಕೋಣ. ತಂತಿಯ ಪೂರ್ತಿ ಉದ್ದ 648 ಮಿಲಿಮೀಟರ್ ಇದ್ದರೆ 12ನೇ ಫ್ರೆಟ್ ಒತ್ತಿದಾಗ ಉಳಿಯೋದು 324. ಅದರಲ್ಲಿ 1 ಮಿಲಿಮೀಟರ್ ಹೋದರೆ ಸ್ವರ ಸುಮಾರು 5 ಸೆಂಟ್ ಏರ್ತದೆ. ಒಂದು ಸ್ವರದಿಂದ ಪಕ್ಕದ ಫ್ರೆಟ್ಟಿನ ಸ್ವರಕ್ಕೆ 100 ಸೆಂಟ್. ಐದು ಅಂದರೆ ಕಮ್ಮಿ ಅನ್ನಿಸಬಹುದು. ಒಂದು ಫ್ರೆಟ್ ಐದು ಏರಿ ಇನ್ನೊಂದು ಏರದೇ ಇದ್ದರೆ ಆರು ತಂತಿಯ ಕಾರ್ಡ್ ಹಿಡಿದಾಗ ಕಿವಿ ಒಪ್ಪಲ್ಲ. ಭಜನಿಯಲ್ಲಿ ಬೆಳೆದ ಕಿವಿಯಂತೂ ಒಪ್ಪಲೇ ಒಪ್ಪಲ್ಲ.

ಜೊತೆಗೆ ಅಗಲ ತಲೆಯ ಮೇಲೆ ತಂತಿ ಝೇಂಕರಿಸ್ತದೆ. ತಂಬೂರಿಯಲ್ಲಿ ನಾವು ಬೇಕು ಅಂತ ಹುಡುಕೋ ಜೀವಾಳಿ ಅದೇ. ಅಗಲ ಬ್ರಿಡ್ಜ್ ಮೇಲೆ ಎಳೆ ಸಿಕ್ಕಿಸಿ ಆ ಝೇಂಕಾರ ಹೊರಡಿಸ್ತಾರೆ. ತಂಬೂರಿಗೆ ಪ್ರಾಣ ಆದದ್ದು ಗಿಟಾರ್‌ಗೆ ರೋಗ, ಏನು ಮಾಡೋದು. ಸ್ಲೈಡ್ ನುಡಿಸೋರಿಗೆ ಈ ಗೋಳೇ ಇಲ್ಲ. 1994ರಲ್ಲಿ ಗ್ರ್ಯಾಮಿ ಗೆದ್ದ ವಿಶ್ವಮೋಹನ ಭಟ್ಟರ ವಾದ್ಯದಲ್ಲಿ ತಂತಿ ಮೇಲೆ ಉಕ್ಕಿನ ಕೋಲು ಜಾರ್ತದೆ, ತಂತಿಯನ್ನ ಫ್ರೆಟ್ಟಿಗೆ ಒತ್ತೋ ಮಾತೇ ಇಲ್ಲ. ನಮ್ಮ ಹುಡುಗರು ಹಿಡಿಯೋದು ಕಾರ್ಡ್, ಹಂಗಾಗಿ ದುಂಡು ಮಾಡಲೇಬೇಕು.

ಮೂರು ಮೂಲೆಯ ಸಣ್ಣ ಅರ ತಗೊಳ್ರಿ. ಹಂಗೇ ಬಳಸಬೇಡ್ರಿ, ಅದರ ಮೂಲೆಗಳು ಹರಿತ ಇರ್ತವೆ, ಮರಕ್ಕೆ ಗೀರು ಬೀಳ್ತದೆ. ಚಾಕು ಸಾಣೆ ಹಿಡಿಯೋರ ಹತ್ತಿರ ಮೂರೂ ಮೂಲೆ ನುಣ್ಣಗೆ ಮಾಡಿಸ್ರಿ, ಹತ್ತು ನಿಮಿಷದ ಕೆಲಸ. ಈಗ ಚಪ್ಪಟೆ ತಲೆಗೆಲ್ಲಾ ಮತ್ತೆ ಮಾರ್ಕರ್. ಅರವನ್ನ ಓರೆ ಹಿಡಿದು ಒಂದು ಬದಿಯ ಭುಜ ಉಜ್ಜಿ, ಆಮೇಲೆ ಇನ್ನೊಂದು ಬದಿ. ಮಾರ್ಕರ್ ಪಟ್ಟಿ ಎರಡೂ ಕಡೆಯಿಂದ ಕಿರಿದಾಗ್ತಾ ಬರ್ತದೆ. ಕೊನೆಗೆ ನಡುವೆ ದಾರದಷ್ಟು ಸಣ್ಣ ಕಪ್ಪು ಗೆರೆ ಉಳಿಯಬೇಕು. ಆ ಗೆರೆ ಅಳಿಸಿದರೆ ಎತ್ತರ ಹೋಯ್ತು, ಲೆವೆಲ್ ಮಾಡಿದ್ದೆಲ್ಲಾ ನೀರಲ್ಲಿ ಹೋಮ. ಇಪ್ಪತ್ತು ಫ್ರೆಟ್‌ಗೆ ಒಂದು ಪೂರ್ತಿ ಮಧ್ಯಾಹ್ನ ಹಿಡೀತದೆ. ಒಂದೇ ಸಲಕ್ಕೆ ಮುಗಿಸೋ ಹಟ ಬೇಡ, ಹತ್ತಾದ ಮೇಲೆ ಚಾ ಕುಡೀರಿ. ಕಣ್ಣು ದಣಿದಾಗಲೇ ಗೆರೆ ಅಳಿಸೋದು.

ತುದಿಗಳನ್ನ ಮರೀಬೇಡ್ರಿ. ಹೊರಗೆ ಚಾಚಿದ್ದನ್ನ ಅಂಚಿಗೆ ಸಮ ಮಾಡಿ, ಮೂಲೆ ಮುರೀರಿ. ಹೊಸಬರ ಕೈಗೆ ಮೊದಲು ಖುಷಿ ಕೊಡೋದು ಇದೇ.

ಭಾಗ 8

ಪಾಲಿಶ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಗಾಡಿ ಪೇಂಟ್ ಅಂಗಡಿಯ ವಾಟರ್ ಪೇಪರ್ 600, 800, 1000, 1500, 2000. ಒಂದರ ಗೀರು ಇನ್ನೊಂದು ಅಳಿಸಬೇಕು, ನಂಬರ್ ಹಾರಿಸಿದರೆ ಗೀರು ಉಳೀತದೆ. ಕೊನೆಯದನ್ನ ಫ್ರೆಟ್ ಉದ್ದಕ್ಕೇ ಎಳೀರಿ, ಯಾಕಂದರೆ ತಂತಿ ಬಾಗಿಸಿ ನುಡಿಸುವಾಗ ಅದು ಜಾರೋದು ಆ ದಿಕ್ಕಿಗೆ. ಆಮೇಲೆ ಬಟ್ಟೆಗೆ ಒಂದು ಚೂರು ಬ್ರಾಸೋ ಹಚ್ಚಿ ತಿಕ್ಕಿದರೆ ಹೊಸ ಮೂಗುತಿ ಹಂಗೆ ಹೊಳೀತದೆ. ಎಲೆಕ್ಟ್ರಿಕ್ ಗಿಟಾರ್ ಆಗಿದ್ದರೆ ಸ್ಟೀಲ್ ವೂಲ್ ಹತ್ತಿರ ತರಬೇಡ್ರಿ, ಅದರ ಪುಡಿ ಪಿಕಪ್‌ನ ಮ್ಯಾಗ್ನೆಟ್ಟಿಗೆ ಹತ್ತಿ ಕೂರ್ತದೆ. ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚೋ ಚಟ ಕೆಲವರಿಗಿದೆ. ಅದು ತಲೆಗೆ ಇರಲಿ.

ಭಾಗ 9

ಇನ್ಬಾಕ್ಸಿನಲ್ಲಿ ಬರೋ ತಕರಾರಿಗೆ ಈಗಲೇ ಉತ್ತರ ಹೇಳಿಬಿಡ್ತೀನಿ.

"ನಾಲ್ಕು ಸಾವಿರದ ಗಿಟಾರ್‌ಗೆ ಎರಡು ದಿನದ ಕೆಲಸ ಯಾಕೆ, ಇನ್ನೊಂದು ಕೊಳ್ಳಬಹುದಲ್ಲ?" ಕೊಳ್ರಿ. ಅದರದೂ ಫ್ರೆಟ್ ಹಿಂಗೇ ಇದ್ದರೆ? ಎರಡನೇ ಗಿಟಾರ್ ಕೇಳೋ ಧೈರ್ಯ ಎಷ್ಟು ಮಕ್ಕಳಿಗಿದೆ? ಮೊದಲನೆಯದನ್ನೇ ನುಡಿಸಲಿಲ್ಲ ಅಂತ ಬೈಸಿಕೊಂಡ ಹುಡುಗಿ ಎರಡನೆಯದನ್ನ ಯಾವ ಬಾಯಲ್ಲಿ ಕೇಳ್ತಾಳೆ?

"ಫ್ರೆಟ್ ಸರಿ ಮಾಡಿದರೆ ಎಲ್ಲಾ ಸರಿ ಆಗ್ತದಾ?" ಇಲ್ಲ. ನೆಕ್ ತಿರುಚಿಕೊಂಡಿದ್ದರೆ, ಬ್ರಿಡ್ಜ್ ಕಿತ್ತು ಎದ್ದಿದ್ದರೆ, ನೆಕ್ಕಿನ ಬುಡ ಬಿಟ್ಟುಕೊಂಡಿದ್ದರೆ ಅರಕ್ಕೆ ಅಲ್ಲಿ ಕೆಲಸ ಇಲ್ಲ. ಫ್ರೆಟ್ಟನ್ನೇ ತಪ್ಪು ಜಾಗದಲ್ಲಿ ಬಡಿದಿದ್ದರೆ ಏನೂ ಮಾಡೋಕಾಗಲ್ಲ. 648 ಮಿಲಿಮೀಟರಿನ ತಂತಿಗೆ ಮೊದಲ ಫ್ರೆಟ್ ಮೇಲಿನ ಬಿಳಿ ಪಟ್ಟಿಯಿಂದ 36.4 ಮಿಲಿಮೀಟರ್‌ಗೆ ಇರಬೇಕು, ಹನ್ನೆರಡನೆಯದು ಸರಿಯಾಗಿ 324ಕ್ಕೆ. ಸ್ಕೇಲ್ ಇಟ್ಟು ನೋಡ್ರಿ. ತಪ್ಪಿದ್ದರೆ ಇಡೀ ಕೆಲಸ ಬಿಟ್ಟುಬಿಡ್ರಿ.

ಗಿಟಾರ್ ನಿನ್ನೆ ಮೊನ್ನೆ ಬಂದದ್ದಾದರೆ ಅರ ಮುಟ್ಟಲೇಬಾರದು. ವಾಪಸ್ ಕಳಿಸೋ ಅವಧಿ ಇರ್ತದಲ್ಲ, ಸ್ಕೇಲ್ ತುಂಡಿನ ಟಕ್ ಟಕ್ ವಿಡಿಯೋ ಮಾಡಿ, ಕಳಿಸಿ, ಬದಲು ಕೇಳ್ರಿ. ನಾವು ಸಂಕೋಚ ಪಟ್ಟು ಸುಮ್ಮನಾಗ್ತೀವಿ. ಸೀರೆಯಲ್ಲಿ ಒಂದು ಎಳೆ ಹೋಗಿದ್ದರೆ ಅಂಗಡಿ ತನಕ ಹೋಗಿ ಜಗಳ ಆಡೋರು, ಗಿಟಾರ್‌ಗೆ ಯಾಕೆ ಸುಮ್ಮನಿರಬೇಕು? ಇನ್ನೊಬ್ಬರ ಗಿಟಾರ್ ಮೇಲೆ ಕಲಿಯೋಕೂ ಹೋಗಬೇಡ್ರಿ. ಕಲಿಯೋಕೆ ನೆಕ್ ಮುರಿದ ಗುಜರಿ ಗಿಟಾರ್ ಸಿಕ್ಕರೆ ಬಂಗಾರ. ನೆಕ್ ತುಂಡೇ ಸಾಕು, ಅದರ ಮೇಲೆ ಹತ್ತು ಫ್ರೆಟ್ ದುಂಡು ಮಾಡಿ ಕೈ ಪಳಗಿಸ್ರಿ.

ಇನ್ನೊಂದು ಮಾತು ಗಿಟಾರ್ ಕ್ಲಾಸ್ ನಡೆಸೋ ಅಣ್ಣಂದಿರಿಗೆ. ಹುಡುಗರು ಸೇರಿದ ಮೊದಲ ದಿನ ಕಾರ್ಡ್ ಕಲಿಸಬೇಡ್ರಿ. ಒಬ್ಬೊಬ್ಬರ ಗಿಟಾರ್ ತಗೊಂಡು ಸ್ಕೇಲ್ ತುಂಡು ಆಡಿಸ್ರಿ. ಒಂದು ಗಿಟಾರ್‌ಗೆ ಐದು ನಿಮಿಷ. ಏರುಪೇರು ಇದ್ದರೆ ಅವರ ಮುಂದೆಯೇ ಹೇಳ್ರಿ: ಇದು ನಿನ್ನ ಬೆರಳಿನ ತಪ್ಪಲ್ಲ. ಐಟಿಐ ಹುಡುಗ ಒಬ್ಬನನ್ನ ಜೊತೆಗೆ ಇಟ್ಟುಕೊಂಡರೆ ಅವನಿಗೂ ನಾಲ್ಕು ಕಾಸು. ಮೂರು ಊರಿಗೆ ಅಂಥವರು ಒಬ್ಬೊಬ್ಬರಿದ್ದರೂ ಸಾಕು.

ತಂತಿ ಕಟ್ಟಿದ ಮೇಲೆ ನೋಡಬೇಕಾದ ಅಳತೆ: 12ನೇ ಫ್ರೆಟ್ ನೆತ್ತಿಯಿಂದ ದಪ್ಪ ತಂತಿಯ ಕೆಳಗಿನ ತನಕ ಸುಮಾರು 2.5 ಮಿಲಿಮೀಟರ್, ಸಣ್ಣ ತಂತಿಗೆ 2ರ ಆಸುಪಾಸು. ನೆಕ್ ಬಾಗು ಮತ್ತೆ ವಿಸಿಟಿಂಗ್ ಕಾರ್ಡ್ ದಪ್ಪಕ್ಕೆ ತಂದು ಒಂದು ರಾತ್ರಿ ಬಿಡ್ರಿ, ಬೆಳಗ್ಗೆ ಮತ್ತೆ ಅಳೀರಿ. ಆಮೇಲೆ ಆರೂ ತಂತಿ, ಒಂದೊಂದು ಫ್ರೆಟ್, ಮೆಲ್ಲಗೆ ಮೀಟುತ್ತಾ ಹೋಗ್ರಿ. ಎಲ್ಲಾದರೂ ಗರ್ ಅಂದರೆ ಅದರ ಮುಂದಿನದಕ್ಕೆ ಚುಕ್ಕಿ ಇಡ್ರಿ. ಯಾವ ಫ್ರೆಟ್, ಯಾವ ತಂತಿ ಅಂತ ಕೆಳಗೆ ಬರೀರಿ, ಫೋಟೋ ಇದ್ದರೆ ಕಳಿಸ್ರಿ. ನೋಡಿ ಹೇಳ್ತೀನಿ.

#ಸಿಂಧನೂರು #ಮಸ್ಕಿ #ಲಿಂಗಸುಗೂರು #ಗಿಟಾರ್‌ಕನ್ನಡ #ಫ್ರೆಟ್‌ಕೆಲಸ